ಒಂದೇ ನಕ್ಷತ್ರದ ಹಿಟ್ಟಿನ ಮಿಲ್ಲು

ಹಿಟ್ಟಿನ ಮಿಲ್ಲಿಗೆ ಹೋಗಿ ಬಂದವರನ್ನು ಗುರುತಿಸುವುದು ಸುಲಭ. ಹುಬ್ಬು ನೋಡಿದರೆ ಸಾಕು. ತಲೆಗೂದಲು ಬೆಳ್ಳಗಾಗುವುದು ವಯಸ್ಸಿಗೆ ಸಂಬಂಧಪಟ್ಟದ್ದು, ಅದು ಮತ್ತೆ ಕಪ್ಪಾಗುವುದು ಬಣ್ಣದ ಪೊಟ್ಟಣಕ್ಕೆ ಸಂಬಂಧಪಟ್ಟದ್ದು, ಆದರೆ ಹುಬ್ಬು ನಿಂತ ನಿಲುವಿನಲ್ಲೇ ಬೆಳ್ಳಗಾಗುವುದಿದೆಯಲ್ಲ, ಅದು ಅಪ್ಪಟ ಗೋಧಿಗೆ ಸಂಬಂಧಪಟ್ಟದ್ದು. ತಿಂಗಳಿಗೊಮ್ಮೆ ಶ್ರದ್ಧಾಭಕ್ತಿಗಳಿಂದ ಕೇಶಕ್ಕೆ ಕಪ್ಪು ಬಳಿದುಕೊಳ್ಳುವ ನಾನು ಮಿಲ್ಲಿನಿಂದ ಹೊರಬೀಳುವ ಹೊತ್ತಿಗೆ ನನ್ನ ತಲೆ ಗೃಹಸ್ಥಾಶ್ರಮದಲ್ಲೂ ಹುಬ್ಬು ವಾನಪ್ರಸ್ಥದಲ್ಲೂ ಇರುತ್ತವೆ. ಎದುರಿಗೆ ಸಿಕ್ಕವರು ನಗು ನುಂಗಿಕೊಂಡು "ಹಿಟ್ಟು ಮಾಡಿಸ್ಕೊಂಡ್ ಬಂದ್ರಾ ಮಿಸ್?" ಎಂದು ಕೇಳುತ್ತಾರೆ. ಬಸವನಗುಡಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತಳಾದ ನನಗೆ ಈ ಕಡೆ ಸ್ವಂತ ಹೆಸರೆಂಬುದು ಉಳಿದಿಲ್ಲ. ತರಕಾರಿಯವಳಿಗೂ ನಾನು ಮಿಸ್ಸೇ, ಅವಳ ಮೊಮ್ಮಗಳಿಗೂ ಮಿಸ್ಸೇ.

ನಾನು ಹೇಳುತ್ತಿರುವ ಮಿಲ್ಲು ಇರುವುದು ಗವಿಪುರದ ಓಣಿಯೊಂದರ ಕೊನೆಯಲ್ಲಿ, ನಮ್ಮ ಮನೆಯ ಜಗುಲಿಗೆ ಅದರ ಗುಯ್‌ಗುಟ್ಟುವಿಕೆ ಕೇಳಿಸುವಷ್ಟು ಹತ್ತಿರದಲ್ಲಿ. ಒಡತಿಯ ಹೆಸರು ಸಿದ್ದಗಂಗಮ್ಮ. ಎಲ್ಲರ ಬಾಯಲ್ಲೂ ಗಂಗಮ್ಮ. ಗಂಡ ಹಾಕಿಸಿದ ಮಿಲ್ಲನ್ನು ಆತ ಹೋದ ಮೇಲೆ ಒಬ್ಬಳೇ ನಡೆಸಿಕೊಂಡು ಬಂದ ಗಟ್ಟಿಗಿತ್ತಿ. ಹಣೆಯ ಮೇಲೆ ವಿಭೂತಿ, ಮುಖದ ಮೇಲೆ ಹಿಟ್ಟು. ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಯಿತೆಂದು ಹೇಳುವುದು ಕಷ್ಟ. ಖಾರದ ಪುಡಿಗಳಿಗೊಂದು ಮಿಶಿನ್ನು, ಹಿಟ್ಟಿಗೊಂದು ಮಿಶಿನ್ನು. ಹಿಟ್ಟಿನದು ಹಳೆಯ ಕಾಲದ ಕಲ್ಲಿನದು. ಬೆಲ್ಟು ತಿರುಗುತ್ತಿರುವಾಗ ಮಾತಾಡಬೇಕೆಂದರೆ ಕಿರುಚಬೇಕಾದ್ದರಿಂದ ಗಂಗಮ್ಮ ಮಾತನ್ನೇ ಕಡಿಮೆ ಮಾಡಿಕೊಂಡಿದ್ದಾಳೆ. ಗಿರಾಕಿಗಳು ಮಾತ್ರ ಕಡಿಮೆ ಮಾಡಿಕೊಂಡಿಲ್ಲ. ಈ ಸಲ ತರಿತರಿಯಾಯಿತು, ಹೋದ ಸಲ ಅತಿ ನುಣುಪಾಯಿತು, ನನಗಿಂತ ಮುಂಚೆ ಏನು ಹಾಕಿದ್ದೆ ಹೇಳು, ರಾಗಿಯ ಬಣ್ಣ ಬಂದಿದೆಯಲ್ಲ ಎಂದು ಕೆಳದನಿಯಲ್ಲಿ ಆರಂಭಿಸಿ ತಾರಸ್ಥಾಯಿಯಲ್ಲಿ ಮುಗಿಸುತ್ತಾರೆ.

ಅಂಥ ಗಿರಾಕಿಗಳೂ ಕಡಿಮೆಯಾಗುತ್ತ ಬಂದರು. ಹಳೆಯ ಮನೆಗಳನ್ನು ಕೆಡವಿ ಕಟ್ಟಿದ ಅಪಾರ್ಟ್‌ಮೆಂಟುಗಳಲ್ಲಿ ಗೋಧಿ ಒಣಗಿಸಲು ತಾರಸಿಯಿಲ್ಲ, ತಾರಸಿಯಿದ್ದರೆ ಪುರಸೊತ್ತಿಲ್ಲ, ಎರಡೂ ಇದ್ದವರಿಗೆ ಪೊಟ್ಟಣದ ಹಿಟ್ಟು ಬಾಗಿಲಿಗೇ ಬರುತ್ತದೆ. ಈಚೆಗೆ ಮಧ್ಯಾಹ್ನದ ಹೊತ್ತು ಮಿಲ್ಲಿನ ಸದ್ದೇ ಕೇಳಿಸುತ್ತಿರಲಿಲ್ಲ. ಸಂಕ್ರಾಂತಿಯ ಮರುದಿನ ಗೋಧಿ ಹಿಡಿದು ಹೋದಾಗ ಗಂಗಮ್ಮ ಮಳೆ ಬರಬಹುದು ಎನ್ನುವಷ್ಟು ತಣ್ಣಗೆ ಹೇಳಿದಳು: "ನಗರ್ತಪೇಟೆಯಿಂದ ಹಳೇ ಮಿಶಿನ್ ತಗೊಳ್ಳೋರು ಬಂದು ನೋಡ್ಕೊಂಡು ಹೋದ್ರು ಮಿಸ್. ಯುಗಾದಿ ಕಳೀಲಿ ಅಂದಿದೀನಿ. ಆಮೇಲೆ ಮಾಗಡಿಗೆ, ತಂಗಿ ಮನೆಗೆ ಹೋಗ್ಬಿಡ್ತೀನಿ." ನಾನು ಗೋಧಿಯ ಚೀಲವನ್ನು ಅವಳ ಮುಂದಿಟ್ಟೆ. ಅವಳೇ ಮತ್ತೆ, "ತಂಗಿ ಒಳ್ಳೇವ್ಳೇ. ಅವಳ ಗಂಡಾನೂ ಒಳ್ಳೇವ್ರೇ. ಆದ್ರೂ ದುಡಿದು ತಿಂದ ಕೈ ನೋಡಿ, ಇನ್ನೊಬ್ರ ಮನೇಲಿ ತಟ್ಟೆ ಮುಂದೆ ಸುಮ್ನೆ ಕೂರೋದು ಅಂದ್ರೆ..." ಎಂದವಳು ಮಾತನ್ನು ಅಲ್ಲಿಗೇ ಬಿಟ್ಟು ಸ್ವಿಚ್ಚು ಒತ್ತಿದಳು. ಆ ಸದ್ದಿನಲ್ಲಿ ಉಳಿದದ್ದು ಕೇಳಿಸಲಿಲ್ಲ, ಕೇಳಿಸುವ ಅಗತ್ಯವೂ ಇರಲಿಲ್ಲ.

ಅಂದು ಸಂಜೆ ನಾನು ಜಗುಲಿಯಲ್ಲಿ ಕುಳಿತು ಫೋನಿನಲ್ಲಿ 'ಹತ್ತಿರದ ಹಿಟ್ಟಿನ ಮಿಲ್ಲು' ಎಂದು ಬರೆದು ಹುಡುಕಿದೆ. ಯಾಕೆ ಹಾಗೆ ಮಾಡಿದೆನೋ ತಿಳಿಯದು. ಬಹುಶಃ ಈಗಿನ ಕಾಲದಲ್ಲಿ ದುಃಖವಾದವರೆಲ್ಲ ಮೊದಲು ಫೋನು ತೆಗೆಯುತ್ತಾರೆ. ಅದು ಶ್ರೀನಗರದ ಮಿಲ್ಲು ತೋರಿಸಿತು, ಚಾಮರಾಜಪೇಟೆಯದು ತೋರಿಸಿತು, ಎಂದೋ ಮುಚ್ಚಿಹೋದ ಒಂದನ್ನು ಗೌರವಪೂರ್ವಕವಾಗಿ ತೋರಿಸಿತು. ನನ್ನ ಕಿವಿಗೆ ಗುಯ್‌ಗುಟ್ಟುತ್ತಿದ್ದ ಗಂಗಮ್ಮನ ಮಿಲ್ಲನ್ನು ಮಾತ್ರ ತೋರಿಸಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಕೇಳುತ್ತಿದ್ದ ಕಾಲ ಹೋಗಿ, ಕನ್ನಡಿಯಲ್ಲಿ ಕಾಣದಿದ್ದರೆ ಹುಣ್ಣೇ ಇಲ್ಲ ಎನ್ನುವ ಕಾಲ ಬಂದಿದೆ. ಹೊಸದಾಗಿ ಈ ಕಡೆ ಮನೆ ಮಾಡಿದವರ ಪಾಲಿಗೆ ಗಂಗಮ್ಮ ಮಾಗಡಿಗೆ ಹೋಗುವ ಮೊದಲೇ ಹೊರಟುಹೋಗಿದ್ದಳು.

ಸಿಟ್ಟು ಬರಬೇಕಾದ ಜಾಗದಲ್ಲಿ ನನಗೆ ಬಂದದ್ದು ವಿಸ್ಮಯ. ನಾನು ಪಾಠ ಮಾಡುತ್ತಿದ್ದ ಕಾಲದ ನಕ್ಷೆ ಬಟ್ಟೆಗೆ ಅಂಟಿಸಿದ್ದು. ಮೊಳೆಗೆ ತೂಗುಹಾಕಿದರೆ ಮೇಲಿನ ಕೋಲು ಬಿದ್ದು ಉತ್ತರಧ್ರುವ ನನ್ನ ತಲೆಗೆ ಬಡಿಯುತ್ತಿತ್ತು. ಅದರಲ್ಲಿ ಇಡೀ ಬೆಂಗಳೂರು ಒಂದು ಚುಕ್ಕೆ. ಆ ಚುಕ್ಕೆಯೊಳಗೆ ನಾವು ನಲವತ್ತು ಮಂದಿ ಇದ್ದೇವೆಂದು ನಂಬಿಸಲು ನಾನು ಗಂಟಲು ಹರಿದುಕೊಳ್ಳುತ್ತಿದ್ದೆ. ಈಗಿನ ನಕ್ಷೆಗೆ ನಮ್ಮ ಓಣಿಯ ತಿರುವು ಗೊತ್ತು, ಮೂಲೆಯ ಕಾಫಿಪುಡಿ ಅಂಗಡಿ ಮಧ್ಯಾಹ್ನ ಮುಚ್ಚಿರುವುದು ಗೊತ್ತು, ನಾನು ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದ್ದೇನೆಂಬುದೂ ಗೊತ್ತು. ಎಲ್ಲಿಯೋ ಕುಳಿತ ಒಂದು ಯಂತ್ರಕ್ಕೆ ಭೂಮಂಡಲದ ಪ್ರತಿ ಓಣಿಯಿಂದ ಪ್ರತಿ ಕ್ಷಣ ಜನ ಏನನ್ನೋ ಕೇಳುತ್ತಿರುತ್ತಾರೆ, ಅದು ಬೇಸರಿಸದೆ, ಗದರಿಸದೆ, ಯಾರ ಮಗ ನೀನು ಎಂದು ವಿಚಾರಿಸದೆ ಉತ್ತರ ಹೇಳುತ್ತಿರುತ್ತದೆ. ಇಷ್ಟು ತಾಳ್ಮೆಯ ಮೇಷ್ಟ್ರು ನಮ್ಮ ಸ್ಕೂಲಿನಲ್ಲಿ ಒಬ್ಬರೂ ಇರಲಿಲ್ಲ, ನಾನಂತೂ ಅಲ್ಲವೇ ಅಲ್ಲ. ಅಂಥದ್ದರ ಕಣ್ಣಿಗೆ ಗಂಗಮ್ಮ ಬೀಳಬೇಕೆಂದರೆ ಏನು ಮಾಡಬೇಕು ಎಂದು ಅದನ್ನೇ ಕೇಳಿದೆ. ಅದಕ್ಕೂ ಅದು ಉತ್ತರ ಹೇಳಿತು.

ಮೊದಲನೆಯದಾಗಿ, ಅಂಗಡಿ ಇದೆಯೆಂದು ಸಾಧಿಸಬೇಕಿತ್ತು. ಬೀದಿ, ಬೋರ್ಡು, ಒಳಗಿನ ಸಲಕರಣೆ ಎಲ್ಲವೂ ಒಂದೇ ಓಟದಲ್ಲಿ ಕಾಣುವಂತೆ ವಿಡಿಯೋ ತೆಗೆದು ಕಳಿಸಿ ಎಂದಿತು ಯಂತ್ರ. ಸೂರ್ಯನು ಇದ್ದಾನೆ ಎಂಬುದಕ್ಕೆ ದಾಖಲೆ ಕೇಳಿದಂತಾಯಿತು. ಫೋನು ಹಿಡಿದು ಹೋಗಿ ನೋಡಿದರೆ ಬೋರ್ಡಿನ ಮೇಲೆ ವರ್ಷಗಳ ಹಿಟ್ಟು ಪದರಪದರವಾಗಿ ಕೂತು ಅಕ್ಷರಗಳು ಕಾಣುತ್ತಿಲ್ಲ. ಗಂಗಮ್ಮ ಸ್ಟೂಲು ಹತ್ತಿ ಸೆರಗಿನಿಂದಲೇ ಒರೆಸಿದಳು. ಗಂಡನ ಹೆಸರಿನ ಮಿಲ್ಲು. ಒಂದೊಂದೇ ಅಕ್ಷರ ಹೊರಗೆ ಬರುವಾಗ ಅವಳ ಕೈ ನಿಧಾನವಾದದ್ದನ್ನು ನಾನು ನೋಡಿದೆ. ಮೇಲೇರಿಸಿದ ವಿಡಿಯೋದಲ್ಲಿ ಅರ್ಧ ಪಾಲು ನನ್ನ ಹೆಬ್ಬೆರಳು, ಉಳಿದರ್ಧ ಹಿಟ್ಟಿನ ಮಂಜು. ಆದರೂ ಯಂತ್ರ ದಯಾಮಯಿ. ಕೆಲವು ದಿನಗಳಲ್ಲಿ ಗಂಗಮ್ಮ ಅಸ್ತಿತ್ವದಲ್ಲಿದ್ದಾಳೆಂದು ಒಪ್ಪಿಕೊಂಡಿತು.

ಎರಡನೆಯದಾಗಿ, ನಕ್ಷೆಯಲ್ಲಿ ಮಿಲ್ಲಿನ ಜಾಗಕ್ಕೆ ಗುರುತು ನೆಡಬೇಕಿತ್ತು. ಅಕ್ಷಾಂಶ ರೇಖಾಂಶಗಳನ್ನು ಬಾಯಿಪಾಠ ಮಾಡಿಸಿದವಳಿಗೆ ಇದೇನು ಮಹಾ ಎಂದುಕೊಂಡು, ಕನ್ನಡಕವನ್ನೂ ಹಾಕಿಕೊಳ್ಳದೆ ಗುರುತು ನೆಟ್ಟು ನಿಶ್ಚಿಂತಳಾದೆ. ವಾರ ಕಳೆದ ಮೇಲೆ ಯಾರೋ ಗಂಗಮ್ಮನಿಗೆ ಫೋನು ಮಾಡಿ "ಅಮ್ಮ, ನಿಮ್ಮ ಮಿಲ್ಲು ಕೆರೆ ಒಳಗೆ ತೋರಿಸ್ತಿದೆ, ಹೆಂಗ್ ಬರೋದು?" ಎಂದು ವಿನಯದಿಂದ ವಿಚಾರಿಸಿದರಂತೆ. ನೋಡಿದರೆ ಹೌದು; ಕೆಂಪಾಂಬುಧಿ ಕೆರೆಯ ಮಧ್ಯಭಾಗದಲ್ಲಿ ಹಿಟ್ಟಿನ ಮಿಲ್ಲು ಜಲಸ್ತಂಭನ ವಿದ್ಯೆ ಕಲಿತಂತೆ ಕುಳಿತಿತ್ತು. ಗಂಗಮ್ಮ ಅಂದು ಬಹಳ ಹೊತ್ತು ನಕ್ಕಳು. "ಎಷ್ಟ್ ಮಕ್ಳಿಗೆ ಪಾಠ ಮಾಡಿದೀರಿ ಮಿಸ್? ಅವ್ರೆಲ್ಲ ಈಗ ಎಲ್ಲೆಲ್ಲಿ ಮುಳುಗವ್ರೋ" ಎಂದಳು. ಆ ನಗು ಕೇಳಿ ಬಹಳ ದಿನವಾಗಿತ್ತಾದ್ದರಿಂದ ನಾನು ಮರುಮಾತಾಡದೆ ಗುರುತನ್ನು ದಡಕ್ಕೆಳೆದೆ.

ಮೂರನೆಯದು ನನಗೆ ಅತ್ಯಂತ ಪ್ರಿಯವಾದ ಕೆಲಸ: ಅಂಗಡಿಯ ಪರಿಚಯ ಬರೆಯುವುದು. 'ಗೋಧೂಮಾದಿ ಸಮಸ್ತ ಧಾನ್ಯಗಳನ್ನು ಶಿಲಾಯಂತ್ರದಲ್ಲಿ ಪರಿಶುದ್ಧವಾಗಿ ಚೂರ್ಣೀಕರಿಸಿ ಗ್ರಾಹಕರ ಸೇವೆಗೈಯುತ್ತಿರುವ ಪ್ರಾಚೀನ ಸಂಸ್ಥೆ' ಎಂದು ಬರೆದು, ಎರಡು ಸಲ ಓದಿ, ಮೂರನೆಯ ಸಲ ಗಟ್ಟಿಯಾಗಿ ಓದಿ ಆನಂದಿಸಿದೆ. ಲೋಕದಲ್ಲಿ ಹೊಟ್ಟೆ ಹಸಿದ ಯಾವ ಪ್ರಾಣಿಯೂ 'ಚೂರ್ಣೀಕರಣ' ಎಂದು ಹುಡುಕುವುದಿಲ್ಲವೆಂಬ ಸರಳ ಸತ್ಯ ನನಗೆ ಹೊಳೆಯಲಿಲ್ಲ. ಇಷ್ಟೆಲ್ಲ ಆದರೂ ಮಿಲ್ಲು ಹುಡುಕಾಟದ ಪಟ್ಟಿಯಲ್ಲಿ ಎಲ್ಲೋ ಪಾತಾಳದಲ್ಲಿತ್ತು. ಬೆರಳು ನೋಯುವಷ್ಟು ಸರಿಸಿದರೆ ಕೊನೆಗೆ ದರ್ಶನ ಕೊಡುತ್ತಿತ್ತು.

ನಮ್ಮ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ಸೂರ್ಯರಶ್ಮಿ ನಂದಿಯ ಕೊಂಬುಗಳ ನಡುವೆ ನುಸುಳಿ ಗವಿಯೊಳಗಿನ ಲಿಂಗವನ್ನು ಮುಟ್ಟುತ್ತದೆ. ಹುಟ್ಟಿದಾರಭ್ಯ ಇಲ್ಲೇ ಇರುವ ನನಗೂ ಪ್ರತಿ ವರ್ಷ ಆ ಹೊತ್ತಿಗೆ ಮೈ ಜುಮ್ಮೆನ್ನುತ್ತದೆ. ಅಷ್ಟು ದೂರದ ಬೆಳಕಿಗೆ ಇಷ್ಟು ಇಕ್ಕಟ್ಟಿನ ದಾರಿ ಯಾರು ಹೇಳಿಕೊಟ್ಟರು? ಅದೇ ಗುಡಿಯ ಹಿಂದಿನ ಓಣಿಯ ಮಿಲ್ಲಿಗೆ ಬೆಳಕು ಯಾವ ಕೊಂಬಿನ ನಡುವಿನಿಂದ ಬರಬೇಕು ಎಂದು ಯೋಚಿಸುತ್ತಿದ್ದಾಗಲೇ, ಯಂತ್ರ ಇನ್ನೊಂದು ಉಪಾಯ ಸೂಚಿಸಿತು. ಗಿರಾಕಿಗಳು ನಕ್ಷತ್ರ ಕೊಟ್ಟು ನಾಲ್ಕು ಮಾತು ಬರೆದರೆ ಅಂಗಡಿ ಮೇಲೇರುತ್ತದೆಯಂತೆ. ಐದು ನಕ್ಷತ್ರ ಎಂದರೆ ಉತ್ತಮೋತ್ತಮ, ಒಂದು ಎಂದರೆ ಕಳಪೆ.

ಕೂಡಲೇ ನಾನು ಪ್ರಚಾರಕ್ಕೆ ಇಳಿದೆ. ಹಿಟ್ಟಿಗೆ ಬಂದವರ ಫೋನನ್ನೆಲ್ಲ ಕಸಿದುಕೊಂಡು, ಹೋಮ್‌ವರ್ಕ್ ಮಾಡದ ಮಕ್ಕಳನ್ನು ನಿಲ್ಲಿಸುವ ಹಾಗೆ ನಿಲ್ಲಿಸಿ ಬರೆಸಿದೆ. ಮೊದಲ ಐದು ನಕ್ಷತ್ರ ಸಹಜವಾಗಿಯೇ ನನ್ನದು. ಅಪಾರ್ಟ್‌ಮೆಂಟಿನ ಹೊಸ ಹುಡುಗಿಯರೂ ಧಾರಾಳವಾಗಿ ಐದೈದು ಕೊಟ್ಟರು. ಮಿಲ್ಲು ಏರತೊಡಗಿತು. ಒಂದು ಬೆಳಿಗ್ಗೆ ನೋಡುತ್ತೇನೆ, ಶ್ರೀನಗರದವರನ್ನೂ ದಾಟಿ ಗಂಗಮ್ಮ ಮೇಲಕ್ಕೆ ಬಂದಿದ್ದಾಳೆ! ಜಗುಲಿಯಲ್ಲಿ ಒಬ್ಬಳೇ ಎದ್ದು ನಿಂತೆ. ಅಪರಿಚಿತರು ಇಬ್ಬರು ಮೂವರು ದಾರಿ ಹುಡುಕಿಕೊಂಡು ಬಂದೂ ಬಂದರು. ಗಂಗಮ್ಮ ಮಧ್ಯಾಹ್ನ ಬಾಗಿಲು ಎಳೆಯುವುದನ್ನು ನಿಲ್ಲಿಸಿದಳು.

ಆಮೇಲೆ ಪತನ ಶುರುವಾಯಿತು. ಒಂದು ವಾರದೊಳಗೆ ಮಿಲ್ಲು ಬುಡಬುಡನೆ ಇಳಿದು ಮತ್ತೆ ಪಾತಾಳ ಸೇರಿತು. ಹೌಹಾರಿ ತೆರೆದು ನೋಡಿದರೆ ಸಾಲಾಗಿ ಒಂದು ನಕ್ಷತ್ರ, ಒಂದು ನಕ್ಷತ್ರ, ಒಂದು ನಕ್ಷತ್ರ. ಯಾರೋ ಎದುರಾಳಿಗಳ ಕಿತಾಪತಿ ಎಂದು ಹಲ್ಲು ಕಡಿದೆ. ಆಮೇಲೆ ಹೆಸರು ನೋಡಿದೆ. ಮೊಟ್ಟಮೊದಲ ಹೆಸರು ನಮ್ಮ ಹಿಂದಿನ ಬೀದಿಯ ವಿಶಾಲಾಕ್ಷಮ್ಮನವರದು. ಮಿಲ್ಲು ಶುರುವಾದಂದಿನಿಂದ ಅಲ್ಲಿಗೆ ಹೋಗುತ್ತಿರುವ, ಎಂಬತ್ತು ದಾಟಿದ ಹಿರಿಯಾಕೆ. ಉಳಿದವೂ ಹಳೆಯ ಗಿರಾಕಿಗಳವೇ. ಕೆಳಗೆ ಏನೇನೋ ಬರೆದಿದ್ದರು, ನಾನು ಓದಲಿಲ್ಲ. ಆಯುಷ್ಯವೆಲ್ಲ ಮಾರ್ಕ್ಸ್ ಕಾರ್ಡು ತಿರುವಿದ ಕಣ್ಣು, ಅಂಕ ನೋಡಿ ಅಲ್ಲಿಗೇ ನಿಂತಿತು. ಮನೆಯವರೇ ಹೀಗೆ ಮಾಡಿದರಲ್ಲ ಎಂಬ ಸಂಕಟದಲ್ಲಿ ಚಪ್ಪಲಿ ಮೆಟ್ಟಿ ವಿಶಾಲಾಕ್ಷಮ್ಮನವರ ಮನೆಗೆ ನಡೆದೆ.

ಅವರು ಆದರದಿಂದ ಕಾಫಿ ಕೊಟ್ಟರು. ನಾನು ಫೋನು ಮುಂದೆ ಹಿಡಿದು, "ಗಂಗಮ್ಮ ನಿಮಗೇನು ದ್ರೋಹ ಮಾಡಿದ್ದಳು ವಿಶಾಲಾಕ್ಷಮ್ಮ?" ಎಂದು ಕೇಳಿದೆ. ಅವರು ನನ್ನನ್ನು ದಡ್ಡ ವಿದ್ಯಾರ್ಥಿನಿಯನ್ನು ನೋಡುವ ಹಾಗೆ ನೋಡಿದರು.

"ಅಲ್ಲ ಕಣೇ, ಬಂದೋರೆಲ್ಲ ಐದೈದು ಹಾಕ್ಬಿಟ್ರೆ ಏನ್ ಗತಿ? ಊರೋರ ಕಣ್ಣೆಲ್ಲ ಅವಳ ಮೇಲೆ ಬೀಳಲ್ವಾ? ಪಾಪ, ಒಂಟಿ ಹೆಂಗಸು. ಅದಕ್ಕೇ ದೃಷ್ಟಿ ಆಗ್ದೇ ಇರ್ಲಿ ಅಂತ ನಾನು ಒಂದೇ ಒಂದು ಇಟ್ಟೆ. ಮಗು ಕೆನ್ನೆಗೆ ಕಪ್ಪು ಇಡಲ್ವಾ, ಹಾಗೆ."

"ನೀವೊಬ್ಬರೇ ಅಲ್ಲವಲ್ಲ, ಎಲ್ಲರೂ ಇಟ್ಟಿದ್ದಾರೆ."

"ನಮ್ಮ ಭಜನಾ ಮಂಡ್ಳೀಲಿ ನಾನೇ ಹೇಳ್ದೆ. ನೀವೂ ಒಂದೊಂದು ಇಡ್ರೇ ಅಂತ. ಗಂಗಮ್ಮ ಅಂದ್ರೆ ಬೇಡ ಅಂತಾರಾ? ಮನೆಯೋರ ಕೈಲೆಲ್ಲ ಹಾಕ್ಸಿದ್ರು."

ದೃಷ್ಟಿಬೊಟ್ಟು ಒಂದಿದ್ದರೆ ಚೆಂದ, ಇಡೀ ಭಜನಾ ಮಂಡಳಿ ಸೇರಿ ಇಟ್ಟರೆ ಮಗುವಿನ ಮುಖವೇ ಕಾಣುವುದಿಲ್ಲ ಎಂದು ಅವರಿಗೆ ವಿವರಿಸಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಅವರ ಮುಖದಲ್ಲಿ ಒಂದು ದೊಡ್ಡ ಕೆಲಸ ಮಾಡಿ ಮುಗಿಸಿದ ತೃಪ್ತಿಯಿತ್ತು. ಆ ವಯಸ್ಸಿನಲ್ಲಿ, ಪೊರೆ ತೆಗೆಸಿದ ಕಣ್ಣಿನಲ್ಲಿ, ಫೋನಿನ ಆ ಸಣ್ಣ ನಕ್ಷತ್ರವನ್ನು ಹುಡುಕಿ ಒತ್ತಿದ್ದರು. ಹೊರಗೆ ಬಂದ ಮೇಲೆ ನನಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ, ಎರಡೂ ಸೇರಿ ಬಿಕ್ಕಳಿಕೆ ಬಂತು.

ಓದುಗರೇ, ನೀವು ನಗಬಹುದು, ಆದರೆ ಇದು ನಮ್ಮೆಲ್ಲರ ಮೈಯಲ್ಲೇ ಇರುವ ಗುಣ. ಕಟ್ಟುತ್ತಿರುವ ಪ್ರತಿ ಬಿಲ್ಡಿಂಗಿನ ಮುಂದೂ ಕೋರೆಹಲ್ಲಿನ ಮುಖವೊಂದು ನಾಲಿಗೆ ಚಾಚಿಕೊಂಡು ತೂಗುತ್ತಿರುತ್ತದೆ. ಎಂಜಿನಿಯರು ಗಿಲೀಟಿನ ಕಟ್ಟಿನ ಕನ್ನಡಕ ಹಾಕಿಕೊಂಡು ಅದರ ಕೆಳಗೇ ನಿಂತು ಲೆಕ್ಕಾಚಾರ ಮಾಡುತ್ತಿರುತ್ತಾನೆ. ನಮ್ಮ ಅಜ್ಜಿ ಹಬ್ಬದ ದಿನ ನಾನು ಹೊಸ ಲಂಗ ಉಟ್ಟು ಬಂದರೆ "ಥೂ, ಕೋತಿ ಹಾಗಿದೀಯ" ಎನ್ನುತ್ತಿದ್ದಳು. ನಾನು ಚೆಂದ ಕಾಣುತ್ತಿದ್ದೇನೆಂದು ಅದರಿಂದಲೇ ನನಗೆ ಗೊತ್ತಾಗುತ್ತಿತ್ತು. ನಮ್ಮ ಮನೆಗಳಲ್ಲಿ ಹುಳಿ ಅಮೋಘವಾಗಿದ್ದರೆ ಊಟಕ್ಕೆ ಕುಳಿತವರು "ಪರವಾಗಿಲ್ಲ" ಎನ್ನುತ್ತಾರೆ, ಮತ್ತು ಮೂರನೆಯ ಸಲ ಬಡಿಸಿಕೊಳ್ಳುತ್ತಾರೆ. ಎದುರಿಗೆ ಹೊಗಳಬಾರದು, ಹೊಗಳಿದರೆ ಇರುವುದು ಕರಗುತ್ತದೆ ಎಂದು ತಲೆಮಾರುಗಳಿಂದ ನಂಬಿ, ಪ್ರೀತಿಯನ್ನು ಗೊಣಗಾಟದ ಡಬ್ಬಿಯಲ್ಲಿ ಮುಚ್ಚಿಟ್ಟುಕೊಂಡು ಬಂದ ಜನ ನಾವು. ಎಲ್ಲವನ್ನೂ ಬಲ್ಲ ಯಂತ್ರಕ್ಕೆ ಇದೊಂದು ಗೊತ್ತಿರಲಿಲ್ಲ. ಪಾಪ, ಅದು ನಕ್ಷತ್ರ ಎಣಿಸುತ್ತಿತ್ತು.

ಫಲ ಮಾತ್ರ ನಿಚ್ಚಳವಾಗಿತ್ತು. ಹೊಸಬರು ಬರುವುದು ನಿಂತಿತು. ವಿಶಾಲಾಕ್ಷಮ್ಮನವರ ಬಳಿ ನಾನು ಮತ್ತೊಮ್ಮೆ ಹೋಗಿ ಅಂಗಲಾಚಿದೆ. ಅವರು ಅಂಗಡಿಯ ವ್ಯಾಪಾರ ಇಳಿದದ್ದು ಮೊದಲು ಬಿದ್ದ ಐದರ ದೃಷ್ಟಿಯಿಂದಲೇ ಎಂದು ನನಗೇ ಬುದ್ಧಿ ಹೇಳಿ ಕಳಿಸಿದರು. ಗಂಗಮ್ಮನಿಗೆ ನಾನು ಏನನ್ನೂ ಹೇಳಲಿಲ್ಲ. ಫೋನಿನಲ್ಲಿ ಅವಳು ಕರೆ ಮಾಡುವುದು ಬಿಟ್ಟು ಬೇರೇನೂ ನೋಡುವವಳಲ್ಲ. ಯುಗಾದಿ ಹತ್ತಿರವಾಯಿತು. ಮಿಲ್ಲಿನ ಮೂಲೆಯಲ್ಲಿ ಬಟ್ಟೆಯ ಗಂಟೊಂದು, ಗಂಡನ ಫೋಟೋ ಸುತ್ತಿಟ್ಟ ಹಳೆಯ ಸೀರೆಯೊಂದು ಕಾಣಿಸಿಕೊಂಡವು. ನಗರ್ತಪೇಟೆಯವರು ಹಬ್ಬದ ಮಾರನೆಯ ದಿನ ಗಾಡಿ ತರುವುದೆಂದು ಗೊತ್ತಾಗಿತ್ತು. ಇಂಥ ವಿಷಯಗಳಲ್ಲಿ ನನ್ನಂಥವಳು ಕೈಹಾಕಿದರೆ ಮಿಲ್ಲು ಕೆರೆಗೇ ಹೋಗುವುದು ಎಂದು ನನ್ನನ್ನೇ ಬೈದುಕೊಂಡು, ಒಬ್ಬಟ್ಟಿಗೆಂದು ಗೋಧಿ ಹಿಡಿದು ಕೊನೆಯ ಸಲ ಎಂಬಂತೆ ಹೋದೆ.

ಕಲ್ಲು ತಿರುಗುತ್ತಿತ್ತು, ನಾನು ಸ್ಟೂಲಿನ ಮೇಲೆ ಕುಳಿತಿದ್ದೆ. ಆಗ ಒಬ್ಬಾಕೆ ಸ್ಕೂಟರು ನಿಲ್ಲಿಸಿ, ಕಾಲಿನ ಬಳಿ ಇಟ್ಟಿದ್ದ ಚೀಲವನ್ನು ಅನಾಮತ್ತಾಗಿ ಎತ್ತಿ ತಂದು ಒಳಗಿಟ್ಟಳು. ನಲವತ್ತರ ಆಸುಪಾಸಿನ, ಇಳಕಲ್ ಸೀರೆಯ, ಖಡಕ್ಕಾದ ಹೆಂಗಸು.

"ಗಂಗಮ್ಮ ಅಂದ್ರ ನೀವ ಏನ್ರಿ?" ಎಂದು ಕೇಳಿದಳು. ಗಂಗಮ್ಮ ತಲೆಯಾಡಿಸಿದಳು. "ನಾ ಕಸ್ತೂರಿ ಅಂತ. ಧಾರವಾಡದ ಕಡಿಯಾಕಿ. ಹನುಮಂತನಗರದಾಗ ರೊಟ್ಟಿ ಖಾನಾವಳಿ ಹಾಕೇನ್ರಿ. ಇಲ್ಲಿ ಗಿರಣಿಯೊಳಗ ಹಿಟ್ಟು ಸುಡು ಸುಡು ಬೀಳ್ತದ, ಜಿಗಿನ ಇರಂಗಿಲ್ಲ. ರೊಟ್ಟಿ ಬಡಿಯಾಕ ಹೋದ್ರ ಅಂಚು ಸೀಳ್ತದ. ಕಲ್ಲಿನ ಗಿರಣಿ ಬೇಕು, ಜೋಳದ ಹಿಟ್ಟು ಬಿಸಿ ಆಗಬಾರ್ದು ಅಂತ ಫೋನಿನ್ಯಾಗ ಹುಡುಕಿದೆ. ನಿಮ್ಮದು ಬಂತು."

ನನ್ನ ಚೂರ್ಣೀಕರಣದಲ್ಲಿ ಶಿಲೆಯಿತ್ತೇ ಹೊರತು ಕಲ್ಲು ಇರಲಿಲ್ಲ, ಜೋಳವೂ ಇರಲಿಲ್ಲ, ಬಿಸಿಯ ಮಾತೂ ಇರಲಿಲ್ಲ. ಹಾಗಾದರೆ ಆ ಮಾತುಗಳು ಯಂತ್ರಕ್ಕೆ ಸಿಕ್ಕಿದ್ದೆಲ್ಲಿ? ನಾನು ತಡೆಯಲಾರದೆ ಕೇಳಿದೆ: "ಆದರೆ ಎಲ್ಲರೂ ಒಂದೇ ಸ್ಟಾರ್ ಕೊಟ್ಟಿದ್ದಾರಲ್ಲ ಕಸ್ತೂರಿ ಅವರೇ, ನೀವು ಹೇಗೆ ಬಂದಿರಿ?"

"ಅದಕ್ಕ ಬಂದೇನ್ರಿ ಅಕ್ಕಾರ. ಹೊಗಳಿದ್ದು ನಾ ಓದಂಗಿಲ್ಲ. ಹೊಗಳಿಕಿ ರೊಕ್ಕ ಕೊಟ್ರ ಸಿಗ್ತದ. ಬೈದಿದ್ದು ಮೊದ್ಲ ಓದ್ತೀನಿ. ಬೈಯವ್ರು ಪುಕ್ಕಟೆ ಬೈತಾರ, ಖರೇನ ಹೇಳ್ತಾರ. ಇವ್ರಿಗೆ ಏನು ಬೈದಾರ ನೋಡೋಣ ಅಂತ ಓದಾಕ ಕುಂತ್ರ, ಒಬ್ರೂ ಬೈದಿಲ್ಲಲ್ರಿ. ಹಿಂಥಾದ್ದು ನಾ ಎಲ್ಲೂ ಕಂಡಿಲ್ಲ."

ಗಂಗಮ್ಮನಿಗೆ ಒಂದೂ ಅರ್ಥವಾಗಲಿಲ್ಲ. ಯಾರು ಬೈದದ್ದು, ಎಲ್ಲಿ ಬೈದದ್ದು ಎಂದು ನನ್ನ ಮುಖ ನೋಡಿದಳು. ಕಸ್ತೂರಿ ಫೋನು ತೆಗೆದು "ತಡೀರಿ, ಓದ್ತೀನಿ" ಎಂದಳು. ಗಂಗಮ್ಮ ಮಿಶಿನ್ನು ಆರಿಸಿದಳು. ಬೆಲ್ಟು ಸುಸ್ತಾಗಿ ನಿಲ್ಲುವವರೆಗೆ ಕಾದು ಕಸ್ತೂರಿ ಓದಲು ಶುರು ಮಾಡಿದಳು. ಎಲ್ಲಕ್ಕೂ ಮೇಲೆ ಒಂದೊಂದೇ ನಕ್ಷತ್ರ.

ವಿಶಾಲಾಕ್ಷಮ್ಮ ಬರೆದಿದ್ದರು: 'ಕಲ್ಲಿನ ಮಿಲ್ಲು. ಹಿಟ್ಟು ಬಿಸಿಯಾಗುವುದಿಲ್ಲ. ನನ್ನ ಮಗಳ ಬಾಣಂತನಕ್ಕೂ ಮೊಮ್ಮಗಳ ಬಾಣಂತನಕ್ಕೂ ಪುಡಿ ಮಾಡಿದ್ದು ಇದೇ ಕೈ. ಗಂಗಮ್ಮ ತಣ್ಣಗಿರಲಿ.' ಜೋಳ ಹಾಕುವ ಮೊದಲು ಕೇಳದಿದ್ದರೂ ಕಲ್ಲು ಒರೆಸುತ್ತಾಳೆ, ಇಂಥ ಪ್ರಾಮಾಣಿಕತೆ ಈಗ ಎಲ್ಲಿದೆ ಎಂದು ಇನ್ನೊಬ್ಬರು. ತನ್ನ ತಾಯಿ ಹಾಸಿಗೆ ಹಿಡಿದಿದ್ದಾಗ ರಾಗಿ ಸರಿಯ ಹಿಟ್ಟನ್ನು ಗಂಗಮ್ಮನೇ ಮನೆಗೆ ತಂದು ಕೊಡುತ್ತಿದ್ದಳೆಂದು ಮತ್ತೊಬ್ಬಾಕೆ. ನಿವೃತ್ತ ಪೋಸ್ಟ್ ಮಾಸ್ಟರರೊಬ್ಬರು, ಹಿಟ್ಟಿಗೆ ಬಂದಾಗಲೆಲ್ಲ ತಕರಾರು ತೆಗೆಯುವುದರಲ್ಲಿ ಅಗ್ರಗಣ್ಯರು, ಹೀಗೆ ಬರೆದಿದ್ದರು: 'ನನ್ನ ಹೆಂಡತಿ ತೀರಿಕೊಂಡ ಮೇಲೆ ಹುಳಿಪುಡಿಗೆ ಯಾವುದೆಷ್ಟು ಹಾಕಬೇಕೆಂದು ನನಗೆ ತಿಳಿದಿರಲಿಲ್ಲ. ಗಂಗಮ್ಮನವರಿಗೆ ನೆನಪಿತ್ತು. ನಮ್ಮ ಮನೆಯ ಹುಳಿ ಇವತ್ತಿಗೂ ನನ್ನವಳು ಮಾಡಿದ ಹಾಗೇ ಇದೆ.'

ಧಾರವಾಡದ ಗಂಟಲಿನಲ್ಲಿ, ಬೆಂಗಳೂರಿನ ಮಾತುಗಳು, ಸದ್ದು ನಿಂತ ಮಿಲ್ಲಿನೊಳಗೆ ಒಂದರ ಮೇಲೊಂದು ಬರುತ್ತಲೇ ಇದ್ದವು. ಯಂತ್ರ ನಕ್ಷತ್ರವನ್ನಷ್ಟೇ ಎಣಿಸುತ್ತಿತ್ತೆಂದು ನಾನು ತಿಳಿದಿದ್ದೆ. ಅದು ಈ ಮಾತುಗಳನ್ನೂ ಒಂದೊಂದಾಗಿ ಓದಿಟ್ಟುಕೊಂಡಿತ್ತು. ಕಸ್ತೂರಿ ಹನುಮಂತನಗರದಲ್ಲಿ ಕುಳಿತು ಕಲ್ಲು, ಜೋಳ, ಬಿಸಿ ಎಂದು ಕೇಳಿದಾಗ, ಭಜನಾ ಮಂಡಳಿಯವರು ದೃಷ್ಟಿಬೊಟ್ಟಿನ ಅಡಿಯಲ್ಲಿ ಅಡಗಿಸಿಟ್ಟಿದ್ದ ಅದೇ ಮಾತುಗಳನ್ನು ಪಾತಾಳದಿಂದ ಎತ್ತಿ ಅವಳ ಕೈಗಿಟ್ಟಿತ್ತು. ನನಗೆ ನಿಜವಾಗಿ ಮೈ ನವಿರೆದ್ದಿತು. ಯಂತ್ರವನ್ನು ನೆನೆದು ಆದ ವಿಸ್ಮಯವೆಷ್ಟು, ಈ ಮುದುಕಿಯರನ್ನು ನೆನೆದು ಆದದ್ದೆಷ್ಟು ಎಂದು ಬೇರ್ಪಡಿಸುವುದು ನನ್ನಿಂದಾಗಲಿಲ್ಲ.

ಗಂಗಮ್ಮ ಹಿಟ್ಟಿನ ಡಬ್ಬದ ಅಂಚು ಹಿಡಿದು ನಿಂತಿದ್ದಳು. "ಪೋಸ್ಟ್ ಮಾಸ್ಟ್ರು ಬರ್ದಿದ್ದಾ?" ಎಂದಳು. "ಹೋದ್ ವಾರ ಬಂದು ಪುಡಿ ತರಿ ಆಯ್ತು ಅಂತ ಜಗಳ ಆಡ್ಕೊಂಡು ಹೋದ್ರಲ್ಲ ಮಿಸ್." ನಾನು ಹೌದೆಂದೆ. "ಇವ್ರೆಲ್ಲ ಬಂದಾಗಲೆಲ್ಲ ನಂಗೆ ಬೈದೋರೇ. ನಮ್ ಯಜಮಾನ್ರು ಹೋದಾಗ್ಲಿಂದ ಒಬ್ರೂ ಒಂದ್ ಒಳ್ಳೇ ಮಾತು ಆಡ್ಲಿಲ್ಲ. ನಾನಿಲ್ಲಿ ಇದ್ರೂ ಒಂದೇ, ಹೋದ್ರೂ ಒಂದೇ ಅಂದ್ಕೊಂಡಿದ್ದೆ ಮಿಸ್." ಅಷ್ಟು ಹೇಳಿ ಅತ್ತಳು. ಸೆರಗಿನಿಂದ ಮುಖ ಒರೆಸಿಕೊಂಡಾಗ ಹಿಟ್ಟು ಹೋಗಿ ವಿಭೂತಿ ಉಳಿಯಿತು. ಕಸ್ತೂರಿ ಗಾಬರಿಯಾಗಿ, ತಾನೇನು ತಪ್ಪು ಓದಿದೆನೋ ಎಂಬಂತೆ ನನ್ನ ಕಡೆ ನೋಡಿದಳು.

ಜೋಳದ ಹಿಟ್ಟು ತಣ್ಣಗೇ ಬಿತ್ತು. ಕಸ್ತೂರಿ ಚಿಟಿಕೆ ಹಿಟ್ಟನ್ನು ನೀರಿನಲ್ಲಿ ನಾದಿ, ಎಳೆದು ನೋಡಿ, "ಹಿಂಗಿದ್ರ ದಿನಾ ಇಲ್ಲೇ ತರ್ತೀನ್ರಿ. ನನ್ನಂಗ ರೊಟ್ಟಿ ಮಾಡಾಕಿ ಇನ್ನೂ ಮಂದಿ ಅದಾರ, ಅವ್ರಿಗೂ ಹೇಳ್ತೀನಿ" ಎಂದಳು. ಗಂಗಮ್ಮ ಕೈ ಒರೆಸಿಕೊಂಡು, ಗೂಡಿನಲ್ಲಿದ್ದ ಫೋನು ತೆಗೆದು ನಗರ್ತಪೇಟೆಗೆ ಕರೆ ಮಾಡಿದಳು. "ಗಾಡಿ ತರ್ಬೇಡಿ ಅಣ್ಣ. ಇಲ್ಲ, ಬೇರೆಯೋರಿಗೆ ಕೊಡ್ತಿಲ್ಲ. ಯಾರಿಗೂ ಕೊಡ್ತಿಲ್ಲ" ಎಂದಳು. ಆ ಕಡೆಯವರು ಏನೋ ಕೇಳಿದರು. ಅವಳು "ನಮ್ಮೋರು ಇದಾರೆ" ಎಂದಷ್ಟೇ ಹೇಳಿ ಇಟ್ಟಳು.

ಸ್ಕೂಟರಿಗೆ ಚೀಲವೇರಿಸಿ ಹೊರಡುವ ಮೊದಲು ಕಸ್ತೂರಿ ಫೋನು ಮತ್ತೆ ಕೈಗೆತ್ತಿಕೊಂಡು, "ನಾನೂ ಬರೀತೀನ್ರಿ ಗಂಗಮ್ಮಾರ. ಐದಕ್ಕ ಐದೂ ಹಾಕ್ತೀನಿ" ಎಂದಳು. ನಾನು ಸಂತೋಷದಿಂದ ತಲೆಯಾಡಿಸುತ್ತಿದ್ದೆ. ಗಂಗಮ್ಮ ತಡೆದಳು.

"ಬೇಡ ಕಣಮ್ಮ. ನೀನೂ ಒಂದೇ ಹಾಕು. ನಮ್ಮೋರೆಲ್ಲ ಅಷ್ಟೇ ಹಾಕಿರೋದು."

ಕಸ್ತೂರಿ ಒಂದೇ ಹಾಕಿದಳು. ನಾನು ಮನೆಗೆ ಬಂದು, ಮುಖವನ್ನೂ ತೊಳೆಯದೆ ಜಗುಲಿಯಲ್ಲಿ ಕುಳಿತು, ನನ್ನ ಐದು ನಕ್ಷತ್ರಗಳನ್ನು ತಿದ್ದಿ ಒಂದು ಮಾಡಿದೆ.